ಲೆಕ್ಕದಲ್ಲಿ ಸೋತ ಎರಡು ಸೀಟಿನ ಕಾರು

ಕಾರುಗಳ ಬಗ್ಗೆ ಬರೆಯಲು ನನಗೆ ಅಂಥ ಅರ್ಹತೆ ಏನೂ ಇಲ್ಲ. ಓದಿದ್ದು ಬಿ.ಕಾಂ., ಸೇರಿದ್ದು ಬ್ಯಾಂಕು, ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಮನೆಯಲ್ಲೊಂದು ಸಣ್ಣ ಕಾರಿದೆ, ಅದು ಹೊರಡುವುದು ಭಾನುವಾರ ಮಾತ್ರ. ಉಳಿದ ದಿನ ನಮ್ಮದೇನಿದ್ದರೂ ಲೋಕಲ್ ಟ್ರೇನು. ಹೀಗಿದ್ದೂ ಅಮೆರಿಕದ ಒಂದು ಹಳೆಯ ಕಾರಿನ ಕಥೆ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

1955ರಿಂದ 1957ರವರೆಗೆ, ಮೂರೇ ಮಾಡೆಲ್ ವರ್ಷ ತಯಾರಾದ ಫೋರ್ಡ್ ಥಂಡರ್‌ಬರ್ಡ್ ಅದು. ಇಬ್ಬರೇ ಕೂರುವ, ಟಾಪ್ ತೆಗೆದಿಡಬಹುದಾದ ಕಾರು. ಓಹಾಯೋದಲ್ಲಿರುವ ನನ್ನ ಅಕ್ಕನ ಮಗ ಅಂಥದೊಂದನ್ನು ಕೊಳ್ಳಲು ಹೊರಟಿದ್ದರಿಂದ ನಾನು ಅದರ ಬಗ್ಗೆ ಓದಲು ಕೂತೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಓದುತ್ತಾ ಹೋದಂತೆ ನನ್ನನ್ನು ಹಿಡಿದು ಕೂರಿಸಿದ್ದು ಆ ಕಾರಿನ ಚಂದ ಅಲ್ಲ, ಅದರ ಲೆಕ್ಕ. ಆ ಕಾರನ್ನು ನಿಲ್ಲಿಸಿದವರು ಒಬ್ಬ ಅಕೌಂಟಿಂಗ್ ಮೇಷ್ಟ್ರು. ಅವರ ಲೆಕ್ಕ ಪೈಸೆಯಷ್ಟೂ ತಪ್ಪಿರಲಿಲ್ಲ. ಆದರೂ ಇವತ್ತು ಜನ ಹುಡುಕಿಕೊಂಡು ಹೋಗುವುದು ಅವರು ನಿಲ್ಲಿಸಿದ ಕಾರನ್ನೇ. ಇದು ಹೇಗೆ ಅಂತ ನನಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಎರಡನೇ ಮಹಾಯುದ್ಧ ಮುಗಿಸಿ ಇಂಗ್ಲೆಂಡಿನಿಂದ ವಾಪಸಾದ ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ ಅಲ್ಲಿನ ಎಂಜಿ ಎಂಬ ಪುಟ್ಟ ತೆರೆದ ಕಾರಿನ ಹುಚ್ಚು ಹತ್ತಿತ್ತು. ಅಮೆರಿಕದ ಕಂಪನಿಗಳೋ, ಹಡಗಿನಂಥ ಕಾರುಗಳನ್ನು ಮಾಡುತ್ತಿದ್ದವು. ಇಬ್ಬರಿಗಾಗಿ ಒಂದು ಕಾರು ಅನ್ನುವುದು ಅಲ್ಲಿನ ದೊಡ್ಡ ಕಂಪನಿಗಳ ಕಲ್ಪನೆಯಲ್ಲೇ ಇರಲಿಲ್ಲ. ಮೊದಲು ಕೈ ಹಾಕಿದ್ದು ಜನರಲ್ ಮೋಟರ್ಸ್. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಅವರು ಷೆವ್ರೊಲೆ ಕಾರ್ವೆಟ್ ಎಂಬ ಎರಡು ಸೀಟಿನ ಕಾರನ್ನು ತೋರಿಸಿದರು. ಅದರ ಮೈ ಫೈಬರ್‌ಗ್ಲಾಸಿನದು. ಆ ವರ್ಷ ಮಿಷಿಗನ್ನಿನ ಫ್ಲಿಂಟ್‌ನಲ್ಲಿ ಹೆಚ್ಚುಕಡಿಮೆ ಕೈಯಲ್ಲೇ ಜೋಡಿಸಿ 300 ಕಾರು ಮಾಡಿದರು. ಮುನ್ನೂರೂ ಬಿಳಿ, ಒಳಗೆ ಎಲ್ಲವೂ ಕೆಂಪು!

ನೋಡಲು ಚಂದ, ಆದರೆ ಒಳಗೆ ಸಾಧಾರಣ ಆರು ಸಿಲಿಂಡರಿನ ಎಂಜಿನ್, ಎರಡೇ ಗೇರಿನ ಆಟೊಮ್ಯಾಟಿಕ್. ಬಾಗಿಲಿಗೆ ಏರಿಸಿ ಇಳಿಸುವ ಗಾಜಿಲ್ಲ, ಮಳೆ ಬಂದರೆ ಪ್ಲಾಸ್ಟಿಕ್ ಪರದೆ ಸಿಕ್ಕಿಸಿಕೊಳ್ಳಬೇಕು. ಮೂರೂವರೆ ಸಾವಿರ ಡಾಲರ್ ಕೊಟ್ಟವನು ಮಳೆಯಲ್ಲಿ ಪರದೆ ಕಟ್ಟುತ್ತಾ ಕೂರುತ್ತಾನೆಯೇ? 1954ರಲ್ಲಿ 3,640 ಕಾರು ಮಾಡಿದರು, ವರ್ಷದ ಕೊನೆಗೆ ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾರಾಟವಾಗದೆ ಉಳಿಯಿತು. 1955ರಲ್ಲಿ ಮಾಡಿದ್ದು 700 ಮಾತ್ರ. ಕಾರ್ವೆಟ್ ಇನ್ನೇನು ಬಾಗಿಲು ಹಾಕುತ್ತದೆ ಅನ್ನುವ ಸ್ಥಿತಿ.

ಫೋರ್ಡ್ ಕಂಪನಿಯ ಕಡೆ ಒಂದು ದಂತಕತೆ ಇದೆ. 1951ರಲ್ಲಿ ಫೋರ್ಡಿನ ದೊಡ್ಡ ಅಧಿಕಾರಿ ಲೂಯಿಸ್ ಕ್ರೂಸೊ ಮತ್ತು ವಿನ್ಯಾಸದ ಜಾರ್ಜ್ ವಾಕರ್ ಪ್ಯಾರಿಸ್ ಮೋಟರ್ ಶೋ ನೋಡುತ್ತಿದ್ದಾಗ, ಇಂಥದ್ದು ನಮ್ಮಲ್ಲಿ ಯಾಕಿಲ್ಲ ಅಂತ ಕ್ರೂಸೊ ಕೇಳಿದರಂತೆ. ಕೆಲಸ ನಡೀತಾ ಇದೆ ಅಂದುಬಿಟ್ಟ ವಾಕರ್, ಹೊರಗೆ ಬಂದು ಡಿಯರ್‌ಬಾರ್ನಿಗೆ ಫೋನ್ ಮಾಡಿ, ಕೂಡಲೇ ಶುರು ಮಾಡಿ ಅಂದರಂತೆ. ನಿಜವೋ ಸುಳ್ಳೋ, ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ನಂಬಬಹುದಾದ ಕಥೆ. ಹೆಡ್ ಆಫೀಸಿನವರು ಕೇಳಿದಾಗ ನಮ್ಮ ಎಷ್ಟು ಫೈಲುಗಳು ಹೀಗೆಯೇ ಹುಟ್ಟಿಲ್ಲ!

ಅದೇನೇ ಇರಲಿ, ಫ್ರ್ಯಾಂಕ್ ಹರ್ಷೆ ಅವರ ಮೇಲ್ವಿಚಾರಣೆಯಲ್ಲಿ ಕಾರು ರೂಪುಗೊಂಡಿತು. 1954ರ ಫೆಬ್ರವರಿಯಲ್ಲಿ ಡೆಟ್ರಾಯ್ಟ್ ಆಟೋ ಶೋದಲ್ಲಿ ಅದರ ಮರದ ಮಾದರಿಯನ್ನು ಇಟ್ಟರು. ಹೆಸರಿಗಾಗಿ ಕಂಪನಿಯೊಳಗೆ ಸ್ಪರ್ಧೆ ನಡೆದಿತ್ತು. ಬೀವರ್, ಡೆಟ್ರಾಯ್ಟರ್ ಇತ್ಯಾದಿ ಹೆಸರುಗಳೆಲ್ಲ ಬಂದು ಹೋದವು. ಕೊನೆಗೆ ಆಲ್ಡೆನ್ ಗಿಬರ್‌ಸನ್ ಎಂಬ ಯುವ ವಿನ್ಯಾಸಕಾರ ಸೂಚಿಸಿದ ಥಂಡರ್‌ಬರ್ಡ್ ಉಳಿಯಿತು. ಅದು ಅಮೆರಿಕದ ಮೂಲನಿವಾಸಿಗಳ ಕಥೆಗಳಲ್ಲಿ ಬರುವ, ರೆಕ್ಕೆ ಬಡಿದರೆ ಗುಡುಗು ಏಳುವ ಹಕ್ಕಿ. ಗಿಬರ್‌ಸನ್‌ಗೆ ಸಿಕ್ಕ ಬಹುಮಾನ ಒಂದು ಸೂಟು. ಇಷ್ಟು ವರ್ಷ ಬಾಳಿದ ಹೆಸರಿಗೆ ಒಂದು ಜೊತೆ ಬಟ್ಟೆ, ಅಷ್ಟೇ.

1954ರ ಅಕ್ಟೋಬರ್ 22ರಿಂದ ಮಾರಾಟ ಶುರುವಾಯಿತು. ಮೂಲ ಬೆಲೆ 2,944 ಡಾಲರ್. ಉಕ್ಕಿನ ಮೈ, ವಿ-8 ಎಂಜಿನ್, ಬಾಗಿಲಿಗೆ ಸರಿಯಾದ ಗಾಜು. ತೆಗೆದಿಡಬಹುದಾದ ಫೈಬರ್‌ಗ್ಲಾಸ್ ಟಾಪ್ ಇತ್ತು, ಬೇಕಾದರೆ ಬಟ್ಟೆಯ ಟಾಪೂ ಸಿಗುತ್ತಿತ್ತು. ಇದನ್ನು ಫೋರ್ಡ್‌ನವರು ಸ್ಪೋರ್ಟ್ಸ್ ಕಾರು ಅಂತ ಕರೆಯಲೇ ಇಲ್ಲ, ಪರ್ಸನಲ್ ಕಾರು ಅಂದರು. ರೇಸಿಗೆ ಹೋಗಬೇಡಿ, ಆರಾಮವಾಗಿ ಕೂತು ಹೋಗಿ ಅಂತ ಅರ್ಥ. ಮೊದಲ ವರ್ಷ 10,000 ಹೋದರೆ ಸಾಕು ಅಂದುಕೊಂಡಿದ್ದರು, 16,155 ಹೋಯಿತು. ಅದೇ ವರ್ಷ ಕಾರ್ವೆಟ್ 700 ಅಂತ ಮೇಲೆ ಹೇಳಿದೆನಲ್ಲ. 1956ರಲ್ಲಿ 15,631, 1957ರಲ್ಲಿ 21,380. ಮೂರು ವರ್ಷದ ಮೊತ್ತ 53,166.

ಇಷ್ಟು ಚೆನ್ನಾಗಿ ಹೋಗುತ್ತಿದ್ದ ಕಾರನ್ನು ಯಾಕೆ ನಿಲ್ಲಿಸಿದರು?

ಇಲ್ಲಿ ಬರುತ್ತಾರೆ ನಮ್ಮ ಮೇಷ್ಟ್ರು, ರಾಬರ್ಟ್ ಮೆಕ್‌ನಮಾರಾ. 1916ರಲ್ಲಿ ಹುಟ್ಟಿದವರು, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಅಕೌಂಟಿಂಗ್ ಪಾಠ ಹೇಳಿದವರು. ಯುದ್ಧದ ಕಾಲದಲ್ಲಿ ವಾಯುಪಡೆಯ ಅಂಕಿ ಅಂಶ ವಿಭಾಗದಲ್ಲಿದ್ದ ಹತ್ತು ಜನ 1946ರಲ್ಲಿ ಒಟ್ಟಾಗಿ ಫೋರ್ಡ್ ಕಂಪನಿಗೆ ಸೇರಿದರು, ಅವರಲ್ಲಿ ಇವರೊಬ್ಬರು. ಆಗ ಫೋರ್ಡ್ ಕಂಪನಿಯ ಲೆಕ್ಕಪತ್ರ ಎಷ್ಟು ಹಾಳಾಗಿತ್ತೆಂದರೆ ಯಾವ ಕಾರಿನಲ್ಲಿ ಲಾಭ, ಯಾವುದರಲ್ಲಿ ನಷ್ಟ ಅನ್ನುವುದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ಕಂಪನಿಗೆ ಲೆಕ್ಕದ ಶಿಸ್ತು ತಂದವರು ಇವರು. 1955ರಲ್ಲಿ ಫೋರ್ಡ್ ವಿಭಾಗದ ಮುಖ್ಯಸ್ಥರಾದರು.

ಮೆಕ್‌ನಮಾರಾ ಕೇಳಿದ್ದು ಸರಳ ಪ್ರಶ್ನೆ. ಈ ಕಾರು ಬೇಕೆಂದು ಶೋರೂಮಿಗೆ ಬಂದವರಲ್ಲಿ ಎಷ್ಟು ಜನ, ಮಕ್ಕಳನ್ನು ಎಲ್ಲಿ ಕೂರಿಸುವುದು ಅಂತ ಯೋಚಿಸಿ ವಾಪಸು ಹೋಗುತ್ತಿದ್ದಾರೆ? ಉತ್ತರ ಎಲ್ಲರಿಗೂ ಗೊತ್ತಿತ್ತು. 1958ರ ಥಂಡರ್‌ಬರ್ಡಿಗೆ ನಾಲ್ಕು ಸೀಟು ಬಂತು. ಎರಡು ಸೀಟಿನ ಕೊನೆಯ ಕಾರುಗಳು 1957ರ ಡಿಸೆಂಬರಿನಲ್ಲಿ ಡಿಯರ್‌ಬಾರ್ನ್ ಕಾರ್ಖಾನೆಯಿಂದ ಹೊರಬಂದವು.

ಅಭಿಮಾನಿಗಳು ಗೋಳಾಡಿದರು. ಆದರೆ ಅಂಕಿ ನೋಡಿ. 1958 ಅಮೆರಿಕದಲ್ಲಿ ಆರ್ಥಿಕ ಹಿಂಜರಿತದ ವರ್ಷ, ಬೇರೆ ಬಹುತೇಕ ಕಾರುಗಳು ಕುಸಿದವು. ಫೋರ್ಡಿನದೇ ಹೊಸ ಎಡ್ಸೆಲ್ ಮುಳುಗುತ್ತಿತ್ತು. ಹಿಂದಿಗಿಂತ ಹೆಚ್ಚು ಬೆಲೆಯಿದ್ದ ನಾಲ್ಕು ಸೀಟಿನ ಥಂಡರ್‌ಬರ್ಡ್ ಮಾತ್ರ 37,892 ಹೋಯಿತು. 1959ರಲ್ಲಿ 67,456, 1960ರಲ್ಲಿ 92,843. ಮೂರು ವರ್ಷಕ್ಕೆ 1,98,191. ಎರಡು ಸೀಟಿನ ಮೂರು ವರ್ಷದ 53,166ರ ಹತ್ತಿರ ಇದನ್ನಿಟ್ಟು ನೋಡಿ, ಹೆಚ್ಚುಕಡಿಮೆ ನಾಲ್ಕು ಪಟ್ಟು. ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಅದೇ ಕಾಗದಕ್ಕೆ ಸಹಿ ಹಾಕುತ್ತಿದ್ದೆ. ಯಾವ ಬೋರ್ಡು ಬೇಡ ಅನ್ನುತ್ತದೆ, ಹೇಳಿ?

ಮೆಕ್‌ನಮಾರಾ ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. 1956ರಲ್ಲಿಯೇ ಫೋರ್ಡ್ ಕಾರುಗಳಿಗೆ ಸೀಟ್ ಬೆಲ್ಟ್ ಕೊಡಲು ಒತ್ತಾಯಿಸಿದವರು, ಅಪಘಾತದಲ್ಲಿ ಎದೆಗೆ ಚುಚ್ಚದ ಸ್ಟಿಯರಿಂಗ್ ಚಕ್ರ ಹಾಕಿಸಿದವರು ಇವರೇ. 1960ರ ನವೆಂಬರಿನಲ್ಲಿ ಫೋರ್ಡ್ ಕಂಪನಿಯ ಅಧ್ಯಕ್ಷರಾದರು. ಕೆಲವೇ ವಾರಗಳಲ್ಲಿ ಕೆನಡಿ ಕರೆದರು, 1961ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದರು. ಅಲ್ಲಿ ವಿಯಟ್ನಾಂ ಯುದ್ಧವನ್ನೂ ಅಂಕಿಯಲ್ಲೇ ಅಳೆಯಲು ಹೋಗಿದ್ದು, ಕೊನೆಗೆ 1995ರ ತಮ್ಮ ಪುಸ್ತಕದಲ್ಲಿ ತಾವು ತಪ್ಪಿದ್ದನ್ನು ಒಪ್ಪಿಕೊಂಡದ್ದು, ಅದು ಬೇರೆಯೇ ದೊಡ್ಡ ಕಥೆ.

ಬ್ಯಾಂಕಿನವನಾದ ನನಗೆ ಹೆಚ್ಚು ಹತ್ತಿರದ್ದು ಅದರ ನಂತರದ ಅಧ್ಯಾಯ. 1968ರಿಂದ 1981ರವರೆಗೆ ಅವರು ವಿಶ್ವಬ್ಯಾಂಕಿನ ಅಧ್ಯಕ್ಷರು. ಅವರ ಕಾಲದಲ್ಲಿ ಬ್ಯಾಂಕಿನ ವಾರ್ಷಿಕ ಸಾಲ ಸುಮಾರು 100 ಕೋಟಿ ಡಾಲರಿನಿಂದ 1,200 ಕೋಟಿ ಡಾಲರಿಗೂ ಮೇಲೇರಿತು. ಹಳ್ಳಿ, ಬೇಸಾಯ, ಹೈನುಗಾರಿಕೆ ಇವಕ್ಕೆಲ್ಲ ಹಣ ಹೋಗತೊಡಗಿತು. ವಿಶ್ವಬ್ಯಾಂಕ್ ನೆರವಿನ ನಮ್ಮ ದೇಶದ ಮೊದಲ ಹೈನುಗಾರಿಕೆ ಯೋಜನೆ 1974ರಲ್ಲಿ ಶುರುವಾದದ್ದು ಕರ್ನಾಟಕದಲ್ಲಿ. ಅದಕ್ಕಾಗಿ ಹುಟ್ಟಿದ ನಿಗಮವೇ 1984ರಲ್ಲಿ ಹಾಲು ಮಹಾಮಂಡಲವಾಗಿ, ನಂದಿನಿ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಎರಡು ಸೀಟಿನ ಕಾರನ್ನು ನಿಲ್ಲಿಸಿದವರು ಅಧ್ಯಕ್ಷರಾಗಿದ್ದಾಗ ಬಂದ ಸಾಲದಿಂದಲೇ ನಮ್ಮೂರ ಡೇರಿಯ ಕ್ಯಾನು ತುಂಬಿತು ಅಂದರೆ, ಅವರ ಮೇಲೆ ಸಿಟ್ಟು ಮಾಡಲು ನನಗಂತೂ ಬಾಯಿ ಬರುವುದಿಲ್ಲ.

ಇಂಥ ಕಾರುಗಳು ನಮ್ಮ ಕಡೆ ಯಾಕೆ ಕಾಣಲಿಲ್ಲ ಅಂತ ನೀವು ಕೇಳಬಹುದು. ಅದಕ್ಕೂ ಇಸವಿ ಸರಿಯಾಗಿ ಹೊಂದುತ್ತದೆ. ಇಲ್ಲಿ ಮುಂಬಯಿಯ ಸೇವ್ರಿಯಲ್ಲಿ ಜನರಲ್ ಮೋಟರ್ಸ್ 1928ರಿಂದ ಕಾರು ಜೋಡಿಸುತ್ತಿತ್ತು. ಬಿಡಿಭಾಗ ತಂದು ಬರೀ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರು ಬೇಕು ಅಂತ 1953ರಲ್ಲಿ ಸರ್ಕಾರ ತೀರ್ಮಾನಿಸಿತು. ಮರುವರ್ಷ ಸೇವ್ರಿ ಕಾರ್ಖಾನೆ ಮುಚ್ಚಿತು, ಫೋರ್ಡ್‌ನವರೂ ಅದೇ ಸುಮಾರಿಗೆ ಗಂಟುಮೂಟೆ ಕಟ್ಟಿದರು. ಡೆಟ್ರಾಯ್ಟಿನಲ್ಲಿ ಥಂಡರ್‌ಬರ್ಡ್ ಮೊದಲು ಕಾಣಿಸಿಕೊಂಡ ವರ್ಷವೇ ಇಲ್ಲಿ ಅಮೆರಿಕನ್ ಕಾರಿನ ಬಾಗಿಲು ಮುಚ್ಚಿತ್ತು. ಹಾಗಾಗಿ ಇದು ಅಲ್ಲಿಯದೇ ಕಥೆ, ಅಲ್ಲಿಯೇ ಮುಂದುವರಿಸೋಣ.

ಈಗ ಆ 53,166 ಕಾರುಗಳಿಗೆ ಏನಾಯಿತು? ಮೊದಲಿಗೆ, ಎಲ್ಲ ಕಾರಿಗೂ ಆಗುವುದೇ ಆಯಿತು. ಬಿ.ಕಾಂ. ಎರಡನೇ ವರ್ಷದಲ್ಲಿ ನಮಗೆ ಡಿಪ್ರಿಸಿಯೇಷನ್ ಕಲಿಸುತ್ತಾರೆ. ನಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಕಾರಿನ ಸವಕಳಿ ವರ್ಷಕ್ಕೆ ಶೇಕಡಾ 15, ಉಳಿದ ಮೌಲ್ಯದ ಮೇಲೆ. ನೂರು ರೂಪಾಯಿಯ ಕಾರು ಹತ್ತು ವರ್ಷಕ್ಕೆ 20 ರೂಪಾಯಿಯ ಒಳಗೆ ಬರುತ್ತದೆ, ಇಪ್ಪತ್ತು ವರ್ಷಕ್ಕೆ 3 ರೂಪಾಯಿ 88 ಪೈಸೆ. ಈ ಪದ್ಧತಿಯಲ್ಲಿ ಒಂದು ತಮಾಷೆ ಇದೆ, ಮೌಲ್ಯ ಎಂದೂ ಪೂರ್ತಿ ಸೊನ್ನೆ ಆಗುವುದಿಲ್ಲ, ಇಳಿಯುತ್ತಲೇ ಇರುತ್ತದೆ. ಆದರೆ ತಿರುಗಿ ಏರುವುದಕ್ಕೆ ಆ ಪದ್ಧತಿಯಲ್ಲಿ ಜಾಗವೇ ಇಲ್ಲ.

ಹಳೆಯದಾದ ಕಾರಿಗೆ ಮೊದಲು ಬರುವುದು ಅಗ್ಗದ ಕಾಲ. ಆಗ ಅದು ಹಳೆ ಕಾರು, ಅಷ್ಟೇ. ಕಾಲೇಜು ಹುಡುಗರು ಕೊಳ್ಳುತ್ತಾರೆ, ಗುದ್ದುತ್ತಾರೆ, ಗುಜರಿಗೆ ಹಾಕುತ್ತಾರೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ಉಕ್ಕಿನ ಮೈಯನ್ನು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. 1973ರಲ್ಲಿ ಜಾರ್ಜ್ ಲ್ಯೂಕಾಸ್ ಅವರ 'ಅಮೆರಿಕನ್ ಗ್ರಾಫಿಟಿ' ಸಿನಿಮಾ ಬಂತು. ಅದರಲ್ಲಿ ಬಿಳಿಯ 1956ರ ಥಂಡರ್‌ಬರ್ಡ್ ಓಡಿಸುತ್ತಾ ಒಬ್ಬ ಹುಡುಗಿ ಮಿಂಚಿ ಮಾಯವಾಗುತ್ತಾಳೆ, ಸಿನಿಮಾದುದ್ದಕ್ಕೂ ನಾಯಕ ಅವಳನ್ನೇ ಹುಡುಕುತ್ತಾನೆ. ಅದನ್ನು ನೋಡಿದ ಒಂದು ತಲೆಮಾರಿಗೆ ತಮ್ಮ ಹರೆಯವೇ ಆ ಕಾರಿನಲ್ಲಿ ಕೂತು ಹೋದ ಹಾಗಾಯಿತು. ಆದರೆ ಆ ಹೊತ್ತಿಗೆ ಕಾರಿಗೆ ಹದಿನೇಳು ವರ್ಷ. ಆ ಹದಿನೇಳು ವರ್ಷ ಅದನ್ನು ಬಿಸಾಡದೆ ಇಟ್ಟುಕೊಂಡವರು ಯಾರು? ಯಾವ ಸಿನಿಮಾದ ಭರವಸೆಯೂ ಇಲ್ಲದೆ ಇಟ್ಟುಕೊಂಡವರು?

ಇಲ್ಲಿ ನಮ್ಮ ಪದ್ಮಿನಿ ಟ್ಯಾಕ್ಸಿ ನೆನಪಾಗುತ್ತದೆ. ನಾನು ಮುಂಬಯಿಗೆ ಬಂದಾಗ ಬೀದಿ ತುಂಬ ಅವೇ ಇದ್ದವು. ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರಿಗೆ ಮುಗಿಯಿತು. ಸಾವಿರಾರು ಇದ್ದಾಗ ಒಂದನ್ನು ಎತ್ತಿಡಬೇಕು ಅಂತ ಎಷ್ಟು ಜನಕ್ಕೆ ಅನಿಸಿತು? ದುಡಿದು ತಿನ್ನುವವನಿಗೆ ಆ ಸೌಕರ್ಯವೂ ಇಲ್ಲ, ಜಾಗವೂ ಇಲ್ಲ. ಎತ್ತಿಡುವುದಕ್ಕೂ ಖರ್ಚಿದೆ.

ಈಗ ಅಕ್ಕನ ಮಗನ ವಿಷಯ. ಅವನ ಎದುರು ಎರಡು ಕಾರುಗಳಿದ್ದವು. ಒಂದು 1957ರದು, ಕೆಂಪು, ಹೊಸ ಪೇಂಟಿನ ಮೇಲೆ ಮುಖ ನೋಡಿಕೊಳ್ಳಬಹುದು. ಮಾರುವವನು ವ್ಯಾಪಾರಿ. ಇನ್ನೊಂದು 1956ರದು, ಪೀಕಾಕ್ ಬ್ಲೂ, ಅಂದರೆ ನಮ್ಮ ನವಿಲಿನ ನೀಲಿ. ಅಲ್ಲಲ್ಲಿ ಬಣ್ಣ ಮಾಸಿತ್ತು, ಸೀಟಿನ ಅಂಚು ಸವೆದಿತ್ತು. ಮಾರುವವರು ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ಕಾರು ಅವರ ತಂದೆಯದು. ಎರಡರ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. "ಮಾಮ, ಇಷ್ಟು ವರ್ಷ ಲೋನ್ ಕೊಟ್ಟವರು ನೀವು. ಕಾಗದ ಎಲ್ಲ ಕಳಿಸ್ತೀನಿ, ಒಮ್ಮೆ ನೋಡಿ ಹೇಳಿ" ಅಂದ. ವಾಟ್ಸ್ಆಪ್‌ನಲ್ಲಿ ಫೋಟೋಗಳು ಬಂದವು.

ಕೆಂಪು ಕಾರಿಗೆ ಇದ್ದದ್ದು ಎರಡು ವರ್ಷದ ಬಿಲ್ಲುಗಳು: ಪೇಂಟು, ಕ್ರೋಮು, ಸೀಟು. ಅದಕ್ಕೆ ಮೊದಲಿನದು ಏನೂ ಇಲ್ಲ. ನೀಲಿ ಕಾರಿಗೆ ಮೂರು ನೋಟ್ ಪುಸ್ತಕಗಳು ಇದ್ದವು. ತಂದೆ 1961ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡ ದಿನದಿಂದ ಆಯಿಲ್ ಬದಲಿಸಿದ್ದು, ಪೆಟ್ರೋಲ್ ಹಾಕಿಸಿದ್ದು, ಮೈಲಿ ಎಷ್ಟಾಯಿತು, ಎಲ್ಲ ಪೆನ್ಸಿಲಿನಲ್ಲಿ. ಪ್ರತಿ ಅಕ್ಟೋಬರಿನಲ್ಲಿ ಒಂದು ಸಾಲು, ಒಳಗೆ ಇಟ್ಟೆ. ಪ್ರತಿ ಏಪ್ರಿಲಿನಲ್ಲಿ ಒಂದು ಸಾಲು, ಹೊರಗೆ ತೆಗೆದೆ. ಐವತ್ತಕ್ಕೂ ಹೆಚ್ಚು ವರ್ಷ ಇದೇ ಎರಡು ಸಾಲು. ಅಂದರೆ ಆ ಕಾರು ಒಂದು ಚಳಿಗಾಲದ ಉಪ್ಪನ್ನೂ ಕಂಡಿಲ್ಲ. ಕೊನೆಯ ಪುಸ್ತಕದಲ್ಲಿ ಅಕ್ಷರ ನಡುಗಿದೆ, ಆಮೇಲಿನ ಪುಟಗಳಲ್ಲಿ ಮಗಳ ಅಕ್ಷರ.

ನನಗೆ ಕೆಲಸ ಕಲಿಸಿದ ಮ್ಯಾನೇಜರ್ ಒಬ್ಬರು ಹೇಳುತ್ತಿದ್ದರು: ಬ್ಯಾಲೆನ್ಸ್ ಶೀಟು ಆಮೇಲೆ ನೋಡಯ್ಯಾ, ಮೊದಲು ಖಾತೆ ನಡೆದ ರೀತಿ ನೋಡು. ಮಾರ್ಚ್ 31ಕ್ಕೆ ಯಾರು ಬೇಕಾದರೂ ಬ್ಯಾಲೆನ್ಸ್ ಶೀಟನ್ನು ತೊಳೆದು ಬಳಿದು ತರಬಹುದು, ವರ್ಷವಿಡೀ ಖಾತೆ ನಡೆಸಿದ್ದನ್ನು ಒಂದು ದಿನದಲ್ಲಿ ಸೃಷ್ಟಿಸಲು ಬರುವುದಿಲ್ಲ. ಕೆಂಪು ಕಾರು ಬ್ಯಾಲೆನ್ಸ್ ಶೀಟು, ನೀಲಿ ಕಾರು ಪಾಸ್‌ಬುಕ್ಕು ಅಂದೆ. ಅವನು ನಕ್ಕ.

ನಗು ಮುಗಿದ ಮೇಲೆ ನಿಜವಾದ ತೊಡಕು ಹೇಳಿದ. ಅವನಿಗೂ ಇಬ್ಬರು ಮಕ್ಕಳು. "ನಾವು ನಾಲ್ಕು ಜನ, ಕಾರಿಗೆ ಎರಡು ಸೀಟು, ಇದೆಂಥ ಲೆಕ್ಕ?" ಅಂತ ಅವನ ಹೆಂಡತಿ ಕೇಳಿದ್ದಾಳೆ. ಅರವತ್ತೆಂಟು ವರ್ಷದ ಹಿಂದೆ ಮೆಕ್‌ನಮಾರಾ ಕೇಳಿದ ಪ್ರಶ್ನೆಯನ್ನೇ ನಮ್ಮ ಹುಡುಗಿ ಓಹಾಯೋದ ಅಡುಗೆಮನೆಯಲ್ಲಿ ನಿಂತು ಕೇಳಿದ್ದಳು! ಮಾರುವ ಹೆಂಗಸಿನ ಹತ್ತಿರವೂ ಅವನು ಇದನ್ನು ಪ್ರಸ್ತಾಪಿಸಿದನಂತೆ. ಅವರು ಹೇಳಿದ್ದು ಇಷ್ಟು: ನಾವೂ ನಾಲ್ಕು ಜನ. ಒಟ್ಟಿಗೆ ನಾಲ್ವರೂ ಆ ಕಾರಿನಲ್ಲಿ ಒಮ್ಮೆಯೂ ಕೂರಲಿಲ್ಲ. ಎಲ್ಲರೂ ಹೋಗುವುದಕ್ಕೆ ಬೇರೆ ದೊಡ್ಡ ಕಾರಿತ್ತು. ಇದರಲ್ಲಿ ಭಾನುವಾರ ಅಪ್ಪನ ಜೊತೆ ಒಂದು ವಾರ ನಾನು, ಇನ್ನೊಂದು ವಾರ ತಮ್ಮ. ಅಪ್ಪ ನಮ್ಮ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿದ್ದು ಅದರಲ್ಲಿ ಮಾತ್ರ.

ಅವರಿಗೂ ವಯಸ್ಸಾಗಿದೆ, ಮನೆ ಬಿಟ್ಟು ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ, ಅಲ್ಲಿ ಗ್ಯಾರೇಜಿಲ್ಲ. ಬೆಲೆಯ ಬಗ್ಗೆ ಹೆಚ್ಚು ಚೌಕಾಸಿ ಮಾಡಲಿಲ್ಲವಂತೆ. ಕೇಳಿದ್ದು ಒಂದೇ ಪ್ರಶ್ನೆ, ಚಳಿಗಾಲದಲ್ಲಿ ಎಲ್ಲಿ ಇಡುತ್ತೀಯ? ಇವನು ತನ್ನ ಗ್ಯಾರೇಜಿನ ಫೋಟೋ ತೋರಿಸಿದ. ಕಳೆದ ವರ್ಷ ಅಕ್ಟೋಬರಿನಲ್ಲಿ ನಾಲ್ಕನೇ ನೋಟ್ ಪುಸ್ತಕ ಶುರುವಾಯಿತು.

ಇಂಥ ಕಾರು ಕೊಳ್ಳಲು ಹೊರಡುವವರು ನಿಮ್ಮ ಪೈಕಿಯೂ ಇರಬಹುದು, ಅಮೆರಿಕದಲ್ಲಿ ನಮ್ಮವರು ಕಡಿಮೆಯೇ? ಆದ್ದರಿಂದ ಆ ದಿನಗಳಲ್ಲಿ ನಾನು ಕಲಿತದ್ದನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಮೊದಲು ನಂಬರು. 1955ರ ಕಾರಿನ ನಂಬರು ಪಿ5ಎಫ್ಎಚ್ ಅಂತ ಶುರುವಾಗುತ್ತದೆ. ಪಿ ಅಂದರೆ ಎಂಜಿನ್, 5 ಅಂದರೆ ವರ್ಷ, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ಎಚ್ ಅಂದರೆ ಥಂಡರ್‌ಬರ್ಡ್, ಆಮೇಲೆ ಕ್ರಮಸಂಖ್ಯೆ. ಪ್ಲೇಟು ಹೊಸದಾಗಿಯೂ ಮಾಡಿಸಲು ಸಿಗುತ್ತದೆ, ಆದ್ದರಿಂದ ಚಾಸಿ ಮೇಲೆ ಒತ್ತಿದ ನಂಬರು, ಮಾಲೀಕತ್ವದ ಪತ್ರದ ನಂಬರು, ಪ್ಲೇಟಿನ ನಂಬರು ಮೂರೂ ಒಂದೇ ಇದೆಯೇ ನೋಡಬೇಕು. ಒಂದು ಅಕ್ಷರಕ್ಕೆ ಎಷ್ಟು ಬೆಲೆ ಅಂತೀರಾ? 1957ರಲ್ಲಿ ಆ ಮೊದಲ ಅಕ್ಷರ ಎಫ್ ಆಗಿದ್ದರೆ ಸೂಪರ್‌ಚಾರ್ಜರ್ ಇರುವ 300 ಅಶ್ವಶಕ್ತಿಯ ಎಂಜಿನ್. ಅಂಥವು ಇನ್ನೂರರ ಆಸುಪಾಸು ಮಾತ್ರ ತಯಾರಾದವು, ಬೆಲೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ ನಕಲಿಗಳೂ ಉಂಟು.

ಆಮೇಲೆ ತುಕ್ಕು. ಪೇಂಟು ನೋಡಬೇಡಿ, ಕಾರನ್ನು ಮೇಲೆತ್ತಿಸಿ ಕೆಳಗೆ ನೋಡಿ. ಕಾಲಿಡುವ ತಗಡು, ಡಿಕ್ಕಿಯ ತಳ, ಬಾಗಿಲಿನ ಕೆಳಅಂಚು, ಮುಂದಿನ ಚಕ್ರದ ಹಿಂಭಾಗ, ಮೈ ಚಾಸಿಗೆ ಕೂರುವ ಜಾಗ, ನೀರು ನಿಲ್ಲುವುದು ಅಲ್ಲೆಲ್ಲ. ಎಂಜಿನ್ ರಿಪೇರಿ ಮಾಡುವವರು ಸಿಗುತ್ತಾರೆ, ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ತುಕ್ಕು ತಿಂದ ಮೈ ಮಾತ್ರ ಹಣ ನುಂಗುತ್ತಲೇ ಇರುತ್ತದೆ.

ವರ್ಷದಿಂದ ವರ್ಷಕ್ಕೆ ಬಂದ ಬದಲಾವಣೆಗಳನ್ನೂ ತಿಳಿದಿರಬೇಕು. 1955ರದು 6 ವೋಲ್ಟ್, 1956ರಿಂದ 12 ವೋಲ್ಟ್. ಡಿಕ್ಕಿ ಚಿಕ್ಕದು ಅಂತ ಜನ ದೂರಿದ್ದಕ್ಕೆ 1956ರಲ್ಲಿ ಸ್ಟೆಪ್ನಿಯನ್ನು ಹೊರಗೆ, ಹಿಂಬದಿಗೆ ನಿಲ್ಲಿಸಿದರು. ಹಿಂದಿನ ಭಾರ ಹೆಚ್ಚಾಗಿ ಓಡಿಸುವವರು ಗೊಣಗಿದರು, 1957ರಲ್ಲಿ ಡಿಕ್ಕಿ ಉದ್ದ ಮಾಡಿ ಮತ್ತೆ ಒಳಗೆ ಹಾಕಿದರು. ಟಾಪ್ ಹಾಕಿದರೆ ಪಕ್ಕದಿಂದ ಬರುವುದು ಕಾಣುವುದಿಲ್ಲ ಅಂದಿದ್ದಕ್ಕೆ 1956ರಲ್ಲಿ ಬಂದದ್ದೇ ಇವತ್ತು ಆ ಕಾರಿನ ಗುರುತಾಗಿರುವ ಗೋಲ ಕಿಟಕಿ. ಕೂತವರ ಕಾಲು ಬೇಯುತ್ತದೆ ಅಂದಿದ್ದಕ್ಕೆ ಮುಂದಿನ ಮಡ್‌ಗಾರ್ಡಿನಲ್ಲಿ ಗಾಳಿಯ ಬಾಗಿಲು ಬಂತು. ಚಂದ ಅಂತ ನಾವು ಈಗ ನೋಡುವ ಎಷ್ಟೋ ಸಂಗತಿ, ಆಗಿನ ಗಿರಾಕಿಯ ದೂರಿಗೆ ಕೊಟ್ಟ ಉತ್ತರ.

ಫೋರ್ಡ್ ಕಂಪನಿಗೂ ಆ ಪುಟ್ಟ ಕಾರನ್ನು ಮರೆಯಲಾಗಲಿಲ್ಲ. ಅದರ ಮೈ ತಯಾರಿಸಿಕೊಡುತ್ತಿದ್ದ ಬಡ್ ಎಂಬ ಕಂಪನಿ, ಅಚ್ಚುಗಳು ಇನ್ನೂ ನಮ್ಮಲ್ಲಿವೆ, ಮತ್ತೆ ಮಾಡೋಣ ಅಂತ 1960ರ ದಶಕದ ಆರಂಭದಲ್ಲಿ ಒಂದು ಮಾದರಿಯನ್ನೇ ಮಾಡಿ ತಂದಿತು. ಫೋರ್ಡ್ ಬೇಡ ಅಂದಿತು. ಕೊನೆಗೆ 2002ರ ಮಾಡೆಲ್ ಆಗಿ ಕಂಪನಿಯೇ ಎರಡು ಸೀಟಿನ ಥಂಡರ್‌ಬರ್ಡನ್ನು ಮತ್ತೆ ತಂದಿತು. ಅದೇ ಗೋಲ ಕಿಟಕಿ, ಅದೇ ತೆಗೆದಿಡುವ ಟಾಪ್. ಮೊದಲು ಜನ ಮುಗಿಬಿದ್ದರು, ಆಮೇಲೆ ಬೇಡಿಕೆ ಇಳಿಯಿತು, 2005ರಲ್ಲಿ ನಿಂತಿತು. ಎರಡು ಸೀಟಿನ ಗಿರಾಕಿಗಳು ಕಡಿಮೆ ಅನ್ನುವ ಮೆಕ್‌ನಮಾರಾ ಲೆಕ್ಕ ಎರಡನೇ ಸಲವೂ ಸರಿಯಾಯಿತು.

ಅತ್ತ ಕಾರ್ವೆಟ್ ನಷ್ಟ ನುಂಗಿಕೊಂಡು, ವಿ-8 ಎಂಜಿನ್ ಹಾಕಿಕೊಂಡು, ಎರಡು ಸೀಟನ್ನು ಎಂದೂ ಬಿಡದೆ ಉಳಿಯಿತು. 1992ರ ಜುಲೈನಲ್ಲಿ ಹತ್ತು ಲಕ್ಷದ ಕಾರ್ವೆಟ್ ಹೊರಬಂತು, ಮೊದಲಿನವುಗಳ ಹಾಗೆ ಬಿಳಿ ಮೈ, ಕೆಂಪು ಸೀಟು. ಅಲ್ಲಿ ತಾಳ್ಮೆ ತೋರಿದ್ದು ಕಂಪನಿ. ಥಂಡರ್‌ಬರ್ಡ್ ವಿಷಯದಲ್ಲಿ ಆ ತಾಳ್ಮೆ ಗಿರಾಕಿಗಳದು.

ಸಾಮಾನ್ಯವಾಗಿ ಇವತ್ತು ಚೆನ್ನಾಗಿಟ್ಟ ಎರಡು ಸೀಟಿನ ಕಾರಿಗೆ ಅದರ ನಂತರದ ನಾಲ್ಕು ಸೀಟಿನ ಕಾರಿಗಿಂತ ಹೆಚ್ಚು ಬೆಲೆ. ಇದನ್ನು ತೋರಿಸಿ, ನೋಡಿ ಮೆಕ್‌ನಮಾರಾ ಸೋತರು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಂಪನಿಯ ಲೆಕ್ಕ ಕಾರು ಗೇಟು ದಾಟಿದಲ್ಲಿಗೆ ಮುಗಿಯುತ್ತದೆ. ಆಮೇಲಿನ ಬೆಲೆ ಫೋರ್ಡ್ ಮಾಡಿದ್ದಲ್ಲ. ಗೇಟಿನಾಚೆ ಗ್ಯಾರೇಜಿನ ಜಾಗ ಕೊಟ್ಟವರು, ಲಾಭವಿಲ್ಲದ ಕಾಲದಲ್ಲಿ ಆಯಿಲ್ ಬದಲಿಸಿದವರು, ಮಾರಿಬಿಡು ಅಂತ ಮನೆಯಲ್ಲಿ ಹೇಳಿದಾಗಲೂ ಮುಂದಿನ ವರ್ಷ ನೋಡೋಣ ಅಂದವರು, ಅವರು ಮಾಡಿದ ಬೆಲೆ ಅದು. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಹಾಗಾಗಿ ಹಳೆಯ ಕಾರಿಗೆ ಹೆಚ್ಚು ಕೇಳಿದರು ಅಂತ ಕೂಡಲೇ ಮುಖ ಸಿಂಡರಿಸಬೇಡಿ. ಅದರಲ್ಲಿ ಕಾರಿನ ಪಾಲೆಷ್ಟು, ಇಟ್ಟುಕೊಂಡವರ ಪಾಲೆಷ್ಟು ಅಂತ ನೋಡಿ. ಎರಡನೆಯದಕ್ಕೆ ದಾಖಲೆ ಇದ್ದರೆ ಕೊಡಬಹುದು. ಬರೀ ಹೊಳಪಿದ್ದರೆ, ಬ್ಯಾಂಕಿನವನ ಮಾತು ಕೇಳಿ, ಇನ್ನೊಂದು ಕಾರು ನೋಡಿ.